ಡಬ್ಬಿಯ ಮೇಲೆ ಹದಿನಾರು ಕಿಲೋಮೀಟರ್

ನಮ್ಮನೆಯವರಿಗೆ ದೇವರ ಮೇಲೆ ನಂಬಿಕೆ ಎಷ್ಟಿದೆಯೋ ನನಗೆ ಗೊತ್ತಿಲ್ಲ. ಅಚ್ಚಾದ ಅಂಕಿಯ ಮೇಲೆ ಮಾತ್ರ ಅಪಾರ. ಅವರನ್ನು ದೂರಿ ಪ್ರಯೋಜನವಿಲ್ಲ ಬಿಡಿ, ಇಪ್ಪತ್ತೆರಡು ವರ್ಷದಿಂದ ಅವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಪೊಟ್ಟಣದ ಮೇಲೆ ಒಂದು ಕಿಲೋ ಎಂದಿದ್ದರೆ ಒಳಗೆ ಒಂದು ಕಿಲೋ ಇರಬೇಕು. ಇಲ್ಲದಿದ್ದರೆ ಅಂಗಡಿಯವನಿಗೆ ನೋಟೀಸು. ಹೀಗೆ ನೋಟೀಸು ಕೊಟ್ಟೂ ಕೊಟ್ಟೂ, ಅದಕ್ಕೆ ಹೆದರಿ ಜಗತ್ತು ಹೆಚ್ಚುಕಡಿಮೆ ಸರಿಹೋಗಿದೆ, ಇನ್ನು ಡಬ್ಬಿಯ ಮೇಲೆ ಸುಳ್ಳು ಬರೆಯುವ ಧೈರ್ಯ ಯಾರಿಗೂ ಇಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಮನೆಗೆ ತಂದ ಬಿಸ್ಕತ್ತಿನ ಪೊಟ್ಟಣವನ್ನೂ ತೂಗಿ ನೋಡಿಯೇ ಬಿಚ್ಚುವ ಮನುಷ್ಯ ಇವರು. ಅಂಥವರು ತೂಗಲಾಗದ ವಸ್ತುವೊಂದನ್ನು ಮನೆಗೆ ತಂದು ಏನು ಮಾಡಿಕೊಂಡರು ಎಂಬುದೇ ಈ ಕಥೆ.

ಶುರುವಾಗಿದ್ದು ನಮ್ಮತ್ತೆಯ ಕಾಲಿನಿಂದ. ಎಪ್ಪತ್ತನಾಲ್ಕು ವರ್ಷದ ಅತ್ತೆ ದಿನಾ ಬೆಳಿಗ್ಗೆ ಎರಡು ಕಿಲೋಮೀಟರ್ ನಡೆದು, ಮಾರ್ಕೆಟ್ಟಿನ ಆಚೆ ಇರುವ ಗೆಳತಿಯ ಮನೆಗೆ ಹೋಗಿ ಚದುರಂಗ ಆಡಿ ಬರುತ್ತಿದ್ದರು. ಗೆಳತಿ ನಿವೃತ್ತ ನರ್ಸು, ನಮ್ಮ ಬಾಯಲ್ಲಿ ದಾದಿಯಮ್ಮ. ಒಂದು ದಿನ ಅತ್ತೆ ದಾರಿಯಲ್ಲಿ ಜಾರಿ ಬಿದ್ದರು. ಮಂಡಿ ತರಚಿತು, ಅಷ್ಟೇ. ಆದರೆ ಮಗನ ಜೀವ ಬಾಯಿಗೆ ಬಂತು. ಇನ್ನು ಒಬ್ಬಳೇ ಹೊರಗೆ ಕಾಲಿಡುವಂತಿಲ್ಲ ಎಂದು ಅಪ್ಪಣೆಯಾಯಿತು. ಮೊಬೈಲು ಕೊಡೋಣವೆಂದರೆ ಅತ್ತೆಯ ಒಣಗಿದ ಬೆರಳು ಮುಟ್ಟಿದ್ದು ಆ ಗಾಜಿಗೆ ತಿಳಿಯುವುದೇ ಇಲ್ಲ. ಒಮ್ಮೆ ಮಗನಿಗೆ ಮಾಡಿದ ಫೋನು ನಲ್ಲಿ ರಿಪೇರಿಯವನಿಗೆ ಹೋಗಿ, ಆತ ಸಾಮಾನು ಸಮೇತ ಬಂದು ಬಾಗಿಲಲ್ಲಿ ನಿಂತಿದ್ದ.

ಎರಡು ತಿಂಗಳು ಅತ್ತೆ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ನನಗೆ ನೋಡಲಾಗಲಿಲ್ಲ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಲ್ಲಿಗೆ ಬಂದ ಗಿರಾಕಿಯೊಬ್ಬರ ಕೈಯಲ್ಲಿ ವಾಕಿಟಾಕಿ ನೋಡಿದೆ. ಒಂದೇ ಬಟನ್ನು. ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಇಷ್ಟು ಅತ್ತೆಗೂ ಆದೀತು ಎಂದು ಮನೆಯಲ್ಲಿ ಹೇಳಿದೆ. ಹೇಳಿದ ತಪ್ಪಿಗೆ ಮರುದಿನ ಅದನ್ನು ಮಾರುವ ಅಂಗಡಿಗೆ ನಾನೂ ಹೋಗಬೇಕಾಯಿತು.

ಅಂಗಡಿಯ ಗಾಜಿನ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿದ್ದವು. ಒಂದರ ಮೇಲೆ ಐದು ಕಿಲೋಮೀಟರ್, ಇನ್ನೊಂದರ ಮೇಲೆ ಹತ್ತು, ಮತ್ತೊಂದರ ಮೇಲೆ ಹದಿನಾರು. ನಮ್ಮನೆಯವರು ಹದಿನಾರನ್ನು ಎತ್ತಿಕೊಂಡರು.

ಅಂಗಡಿಯವನು ಪಾಪ, ಪ್ರಾಮಾಣಿಕ. "ಸಾರ್, ಊರೊಳಗೆ ಇದು ಒಂದು ಕಿಲೋಮೀಟರ್ ಬಂದ್ರೆ ಅದೃಷ್ಟ. ಗೋಡೆ, ಕಬ್ಬಿಣ, ಕಟ್ಟಡ ಎಲ್ಲಾ ಅಡ್ಡ ಬರುತ್ತೆ. ಆ ಹದಿನಾರು ಅನ್ನೋದು ಈ ಬೆಟ್ಟದ ತುದಿಯಿಂದ ಆ ಬೆಟ್ಟದ ತುದಿಗೆ. ಮಧ್ಯೆ ಒಂದು ಮರಾನೂ ಇರಬಾರದು" ಎಂದ.

ನಮ್ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಇದು ಒಳ್ಳೆಯ ಲಕ್ಷಣವಲ್ಲ.

"ಡಬ್ಬಿ ಮೇಲೆ ಹದಿನಾರು ಅಂತ ಅಚ್ಚಾಗಿದೆ."

"ಕಂಪನಿಯವರು ಹಾಕಿದ್ದು ಸಾರ್."

"ಮಾರೋರು ನೀವು. ಅಂದ್ರೆ ಹದಿನಾರು ಅಂತ ಹೇಳಿ ಒಂದು ಕೊಡ್ತಿದ್ದೀನಿ ಅಂತ ನೀವೇ ಬಾಯಿಬಿಟ್ಟು ಒಪ್ಪಿಕೊಳ್ತಾ ಇದ್ದೀರಿ?"

ಅಂಗಡಿಯವನು ಈಗ ಇವರ ಮುಖವನ್ನು ಸರಿಯಾಗಿ ನೋಡಿದ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯನ್ನು ಕಂಕುಳಲ್ಲಿ ಹೊತ್ತುಕೊಂಡು ಹೋದ ಮುಖ ಇದೇ ಎಂದು ನೆನಪಾಗಿರಬೇಕು. ಅವನ ಧ್ವನಿಯೇ ಬದಲಾಯಿತು.

"ಇಲ್ಲ ಸಾರ್. ಹದಿನಾರೇ. ಬಂದ್ರೆ ಹದಿನೇಳು ಬಂದೀತು, ಕಮ್ಮಿ ಬರಲ್ಲ."

"ಹಾಗೆ ಹೇಳಿ ಮತ್ತೆ" ಎಂದು ನಮ್ಮನೆಯವರು ಡಬ್ಬಿ ಕಟ್ಟಿಸಿದರು.

ನನಗೆ ಮಾತ್ರ ಕುತೂಹಲ ತಡೆಯಲಿಲ್ಲ. ಅವರು ಬಾಗಿಲ ಹತ್ತಿರ ಹೋದಾಗ ಮೆಲ್ಲಗೆ ಕೇಳಿದೆ, "ಆ ದೊಡ್ಡ ಬ್ಯಾಟರೀದು ತಗೊಂಡಿದ್ರೆ ಇನ್ನೂ ದೂರ ಕೇಳ್ತಿತ್ತಾ?"

ಅಂಗಡಿಯವನು ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು ಪಿಸುಗುಟ್ಟಿದ. "ಬ್ಯಾಟರಿ ದೊಡ್ಡದಾದ್ರೆ ಬಹಳ ಹೊತ್ತು ಬರುತ್ತೆ ಅಕ್ಕಾ, ಬಹಳ ದೂರ ಹೋಗಲ್ಲ. ದೂರ ಬೇಕು ಅಂದ್ರೆ ಎತ್ತರ ಬೇಕು. ಮಹಡಿ ಮೇಲೆ ನಿಂತು ಮಾತಾಡಿ. ಸಾಹೇಬರಿಗೆ ನಾನು ಹೇಳಿದೆ ಅಂತ ಹೇಳಬೇಡಿ."

ಅತ್ತೆಗೆ ಜೋಡಿಯಲ್ಲೊಂದು ವಾಕಿಟಾಕಿ ಸೆಟ್ಟು ಕೊಡುವಾಗ ಮಗರಾಯರು ಷರತ್ತನ್ನೂ ಕೊಟ್ಟರು. "ಅಮ್ಮ, ಅಲ್ಲಿಗೆ ಹೋದ ಮೇಲೆ ನಾನು ಕರೀತೀನಿ. ಉತ್ತರ ಬರಬೇಕು. ಒಂದೇ ಒಂದು ದಿನ ಉತ್ತರ ಬರಲಿಲ್ಲ ಅಂದ್ರೆ ಮುಗೀತು, ಆಮೇಲೆ ನಾನು ಜೊತೆಗಿಲ್ಲದೆ ಗೇಟು ದಾಟೋ ಹಾಗಿಲ್ಲ. ಒಪ್ಪಿಗೆನಾ?"

ಅತ್ತೆ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಒಪ್ಪಿಗೆ ಕಣೋ" ಎಂದರು. ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅತ್ತೆ ಹೊರಟರು. ಒಂಬತ್ತೂಕಾಲಕ್ಕೆ ನಮ್ಮನೆಯವರು ಊಟದ ಮೇಜಿನ ಮುಂದೆ ನೆಟ್ಟಗೆ ನಿಂತು, ಬ್ಯಾಟರಿ ಉಳಿಯಲೆಂದು ಅಲ್ಲಿಯವರೆಗೆ ಆರಿಸಿಟ್ಟಿದ್ದ ಸೆಟ್ಟನ್ನು ಹಚ್ಚಿ, ಗಂಟಲು ಸರಿಮಾಡಿಕೊಂಡು, ಬಟನ್ ಒತ್ತಿದರು.

"ಅಮ್ಮ ತಲುಪಿದ್ರಾ? ಓವರ್."

ಸೆಟ್ಟು ಬುಸುಗುಟ್ಟಿತು. ಆಮೇಲೆ ಗಂಡಸಿನ ಧ್ವನಿಯೊಂದು ಸ್ಪಷ್ಟವಾಗಿ ಕೇಳಿಸಿತು. "ಯಾರು ಸಾರ್? ಆ ಕೆಂಪು ಶಾಲಿನ ಅಮ್ಮನಾ? ಹೂಂ, ಗೇಟು ದಾಟಿ ಒಳಗೆ ಹೋದ್ರು."

ನಮ್ಮನೆಯವರು ಸೆಟ್ಟನ್ನು ಎದೆಗೆ ಅವುಚಿಕೊಂಡರು. ದಾದಿಯಮ್ಮನ ಜೊತೆ ಆಕೆಯ ತಮ್ಮನೊಬ್ಬ ಇದ್ದಾನೆ. ಎದುರಿಗೆ ಸಿಕ್ಕರೆ ಹತ್ತು ಮಾತಿಗೆ ಒಂದು ತಲೆಯಾಡಿಸುವ ಪೈಕಿ. "ನೋಡಿದ್ಯಾ, ಆ ಮೂಗಪ್ಪನ ಬಾಯನ್ನೂ ಬಿಡಿಸಿತು ಈ ಯಂತ್ರ" ಎಂದು ನನ್ನ ಕಡೆ ಗೆದ್ದವರ ಹಾಗೆ ನೋಡಿದರು.

ಅಷ್ಟರಲ್ಲಿ ಸೆಟ್ಟಿನಲ್ಲಿ ಇನ್ನೊಂದು ಧ್ವನಿ ಬಂತು. "ನಿಧಾನ. ಎಡಕ್ಕೆ. ಇನ್ನೂ ಎಡಕ್ಕೆ. ಈಗ ಇಳಿಸು, ಇಳಿಸು, ಇಳಿಸು. ಸಾಕು."

"ಅಮ್ಮನ್ನ ಕುರ್ಚಿ ಮೇಲೆ ಕೂರಿಸ್ತಾ ಇದ್ದಾರೆ. ಎಷ್ಟು ಜೋಪಾನ ನೋಡು" ಎಂದರು ನಮ್ಮನೆಯವರು.

"ಹುಷಾರು, ಎರಡು ಟನ್ ಇದೆ" ಎಂದಿತು ಸೆಟ್ಟು.

ಅತ್ತೆಯ ತೂಕ ನಲವತ್ತೈದು ಕಿಲೋ. ನಾನು ಗಂಡನ ಮುಖ ನೋಡಿದೆ. "ಎರಡು ಟನ್ ಅಂದ್ರು ಕಣ್ರೀ."

"ಸಲುಗೆ ಇರೋರು ತಮಾಷೆ ಮಾಡ್ತಾರಪ್ಪ. ತೂಕದ ವಿಷಯ ನನಗೆ ಹೇಳಿಕೊಡ್ತೀಯಾ?"

ಹೇಳಿಕೊಡಲಿಲ್ಲ. ಅತ್ತೆ ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಬಂದಾಗ ಅವರ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಗೆಲುವಿತ್ತು. ಅದನ್ನು ನೋಡಿದ ಮೇಲೆ ಎರಡು ಟನ್ನೋ ನಾಲ್ಕು ಟನ್ನೋ, ನನಗೇನು ಎಂದು ಸುಮ್ಮನಾದೆ. ಅನುಮಾನವಿದ್ದದ್ದು ನಿಜ, ಅದನ್ನು ಬಾಯಿಬಿಟ್ಟು ಹೇಳಿ ಅತ್ತೆಯನ್ನು ಮತ್ತೆ ವರಾಂಡಕ್ಕೆ ತಳ್ಳಲು ನನಗೆ ಮನಸ್ಸಿರಲಿಲ್ಲ.

ದಿನಗಳು ಹೀಗೇ ಸಾಗಿದವು. ಭಾನುವಾರ ಮಾತ್ರ ದಾದಿಯಮ್ಮನ ಮನೆಗೆ ಮೊಮ್ಮಕ್ಕಳು ಬರುತ್ತಾರೆಂದು ಆಟಕ್ಕೆ ರಜೆ. ಸಂಜೆ ಊಟದ ಹೊತ್ತಿನಲ್ಲಿ ತಾಯಿ ಮಗ ಮಾತಾಡುವುದನ್ನು ಕೇಳುವುದೇ ನನಗೊಂದು ಮೋಜಾಯಿತು.

"ನೀನು ಹೇಳಿದ್ದು ಒಳ್ಳೇದಾಯ್ತು ಕಣೋ. ಎಡಗಡೆ ರಸ್ತೆ ಪೂರ್ತಿ ಅಗೆದುಹಾಕಿದ್ರು. ಬಲಗಡೆಯಿಂದಲೇ ಬಂದೆ" ಎಂದರು ಅತ್ತೆ ಒಂದು ದಿನ.

ಮಗ ಅನ್ನ ಕಲಸುವುದನ್ನು ನಿಲ್ಲಿಸಿದರು. "ನಾನು ಹೇಳಿದ್ನಾ?"

"ಹೇಳಲಿಲ್ವಾ?"

ನಮ್ಮನೆಯವರು ಸ್ವಲ್ಪ ಯೋಚಿಸಿ, "ಹೇಳಿರಬೇಕು" ಎಂದರು. ಬಿಟ್ಟಿಯಾಗಿ ಬಂದ ಹೊಗಳಿಕೆಯನ್ನು ವಾಪಸ್ ಕಳಿಸಿದ ದಾಖಲೆ ಅವರ ಚರಿತ್ರೆಯಲ್ಲಿಲ್ಲ.

ಅತ್ತೆ ನನ್ನ ಹತ್ತಿರ ಗುಟ್ಟಾಗಿ ಬೇರೆ ಹೇಳಿದರು. "ಆ ಯಂತ್ರದಲ್ಲಿ ಅವನು ಎಷ್ಟು ಮೃದುವಾಗಿ ಮಾತಾಡ್ತಾನೆ ಗೊತ್ತೇನೇ? ಬಿಸಿಲು ಬಂತು ಅಮ್ಮಾ, ನೆರಳಲ್ಲಿ ನಿಂತು ಬನ್ನಿ ಅಂತಾನೆ. ನೀವು ಅಂತಾನೆ ನನ್ನ. ಹುಟ್ಟಿದಾಗಿಂದ ಅಂದಿರಲಿಲ್ಲ."

ಇಷ್ಟಾದ ಮೇಲೆ ನಮ್ಮನೆಯವರು ಸುಮ್ಮನಿರುತ್ತಾರೆಯೇ? ಬೀದಿಯಲ್ಲಿ ಸಿಕ್ಕವರಿಗೆಲ್ಲ ಹದಿನಾರು ಕಿಲೋಮೀಟರಿನ ಮಹಿಮೆ ಹೇಳಿದರು. ನೀವು ಪರೀಕ್ಷೆ ಮಾಡಿದ್ದು ಎರಡು ಕಿಲೋಮೀಟರಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಮೂಟೆಯಿಂದ ಒಂದು ಹಿಡಿ ತೆಗೆದು ನೋಡಿದ್ರೆ ಸಾಕು, ಅದು ನಮ್ಮ ಇಲಾಖೆ ಪದ್ಧತಿ" ಎಂದರು. ಆ ಮಾತಿಗೆ ಮರುಳಾಗಿ ಮಹಡಿ ಮನೆಯ ಪಿಟೀಲು ಮೇಷ್ಟ್ರು ಅಂಥದೇ ಒಂದು ಜೋಡಿ ಕೊಂಡು, ಒಂದನ್ನು ಮಾರ್ಕೆಟ್ಟಿನ ಆಚೆಯ ಶಿಷ್ಯನಿಗೆ ಕೊಟ್ಟು, ಮನೆಯಲ್ಲೇ ಕೂತು ಪಾಠ ಹೇಳಲು ಹೊರಟರು.

ಮೊದಲ ಪಾಠದ ದಿನವೇ ಮೇಷ್ಟ್ರು ಪಿಟೀಲು ಹಿಡಿದುಕೊಂಡೇ ನಮ್ಮ ಬಾಗಿಲು ಬಡಿದರು. ಮುಖ ಕೆಂಪಾಗಿತ್ತು.

"ಏನ್ರೀ ಇದು ಇನ್ಸ್‌ಪೆಕ್ಟ್ರೇ, ನಾನು ನುಡಿಸಿ ಬಟನ್ ಬಿಟ್ರೆ ಆ ಶಿಷ್ಯ ನನಗೇ 'ಏರಿಸು, ಇನ್ನೂ ಏರಿಸು' ಅಂತಾನೆ. ಸರಿ, ಶ್ರುತಿ ಏರಿಸಿದೆ. ಆಮೇಲೆ 'ಇಳಿಸು' ಅಂದ. ಇಳಿಸಿದೆ. ಕೊನೆಗೆ 'ಸಾಕು ನಿಲ್ಸು, ಹಗ್ಗ ಬಿಚ್ಚು' ಅಂತಾನೆ. ಮೂವತ್ತು ವರ್ಷ ಪಾಠ ಹೇಳಿದ್ದೀನಿ, ತಂತಿಗೆ ಹಗ್ಗ ಅಂದವನು ಇವನೇ ಮೊದಲು."

"ಶಿಷ್ಯನ ದೋಷ ಮೇಷ್ಟ್ರೇ, ಯಂತ್ರದ್ದಲ್ಲ. ಅಷ್ಟು ದೂರದಿಂದ ಅವನು ಮರ್ಯಾದೆಗೆಟ್ಟು ಮಾತಾಡಿದ್ದು ನಿಮಗೆ ಸ್ಪಷ್ಟವಾಗಿ ಕೇಳಿಸ್ತಲ್ಲ, ಅದನ್ನ ಯೋಚನೆ ಮಾಡಿ."

ಮೇಷ್ಟ್ರು ಯೋಚನೆ ಮಾಡುತ್ತಾ ಮೆಟ್ಟಿಲು ಹತ್ತಿದರು. ಶಿಷ್ಯನ ಪಾಠ ಅವತ್ತಿಗೆ ನಿಂತಿತು.

ಆಮೇಲೊಂದು ಗುರುವಾರ ಬಂತು. ಒಂಬತ್ತೂಕಾಲಕ್ಕೆ ಎಂದಿನಂತೆ ಮೇಜಿನ ಮುಂದೆ ನಿಂತು "ಅಮ್ಮ ತಲುಪಿದ್ರಾ? ಓವರ್" ಎಂದರು. ಬುಸ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೊಮ್ಮೆ ಕರೆದರು. ಮೂರನೆಯ ಸಲ ಓವರ್ ಎನ್ನುವುದನ್ನೇ ಮರೆತರು. ದಾದಿಯಮ್ಮನಿಗೆ ಫೋನು ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಆಟದ ಹೊತ್ತಿನಲ್ಲಿ ಆಕೆ ಫೋನನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಮುಚ್ಚುತ್ತಾರೆ.

ನಮ್ಮನೆಯವರ ಮುಖ ಸುಣ್ಣ ಬಳಿದ ಹಾಗಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಒಂದು ಕಾಲಿಗೆ ಅವರದು, ಇನ್ನೊಂದಕ್ಕೆ ನನ್ನದು. ನಾನು ಉಳಿದ ಒಂಟಿ ಚಪ್ಪಲಿಗಳನ್ನೇ ಹಾಕಿಕೊಂಡು ಹಿಂದೆ ಓಡಿದೆ. ಗಲಾಟೆ ಕೇಳಿ ಪಿಟೀಲು ಮೇಷ್ಟ್ರೂ ಕೆಳಗಿಳಿದು ನಮ್ಮನ್ನು ಕೂಡಿಕೊಂಡರು.

"ಅಮ್ಮಾ, ಎಲ್ಲಿದ್ದೀಯಾ? ಅಮ್ಮಾ." ಹತ್ತು ಹೆಜ್ಜೆಗೊಮ್ಮೆ ಕರೆಯುತ್ತಾ ನಡೆದರು. ಸೆಟ್ಟನ್ನು ಅಡ್ಡ ಹಿಡಿದಿದ್ದರು, ನಾನು ನೆಟ್ಟಗೆ ಹಿಡಿಸಿದೆ. ಮಾರ್ಕೆಟ್ಟಿನ ತಗಡಿನ ಚಾವಣಿಯ ಕೆಳಗೆ ಹೋದಾಗ ಬುಸುಗುಟ್ಟುವುದೂ ಸಣ್ಣದಾಯಿತು. ಆಚೆ ಬಂದ ಮೇಲೆ ಮತ್ತೆ ಜೋರಾಯಿತು. ಅಲ್ಲೊಂದು ಹದಿನಾಲ್ಕು ಮಹಡಿಯ ಕಟ್ಟಡ ಏಳುತ್ತಿದೆ, ಅದರ ತಲೆಯ ಮೇಲೊಂದು ಹಳದಿ ಕ್ರೇನು. ಅದರ ಗೇಟಿನ ಮುಂದೆ ಬಂದಾಗ ಸೆಟ್ಟಿನೊಳಗಿಂದ ಇದ್ದಕ್ಕಿದ್ದಂತೆ ಅತ್ತೆಯೇ ಮಾತಾಡಿದರು.

"ಯಾಕೋ ಇವತ್ತು ಮಾತೇ ಇಲ್ಲ? ನಾನು ಬಂದು ಅರ್ಧ ಗಂಟೆ ಆಯ್ತು. ಕುದುರೆ ಹೋಯ್ತು ನಂದು."

ನಮ್ಮನೆಯವರು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತರು. ಬಟನ್ ಒತ್ತಿ ಉತ್ತರ ಕೊಡುವುದನ್ನೂ ಮರೆತರು. ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡಲಿಲ್ಲ ಎನ್ನುವ ಹಾಗೆ ಮೇಷ್ಟ್ರ ಕಡೆ ತಿರುಗಿದೆ.

ಗೇಟಿನೊಳಗಿಂದ ತಲೆಗೆ ಹಳದಿ ಟೋಪಿ ಹಾಕಿದ ಎಂಜಿನಿಯರ್ ಹೊರಗೆ ಬಂದರು. ನಮ್ಮ ಕೈಯಲ್ಲಿದ್ದ ಸೆಟ್ಟನ್ನು ನೋಡಿದವರೇ ಸೊಂಟದ ಮೇಲೆ ಕೈಯಿಟ್ಟರು.

"ಓ, ಆ ಓವರ್ ಸಾಹೇಬರು ನೀವೇನಾ? ಒಂದೂವರೆ ತಿಂಗಳಿಂದ ಹುಡುಕ್ತಾ ಇದ್ದೀನಿ ನಿಮ್ಮನ್ನ. ನಿಮ್ಮ ಸೆಟ್ಟೂ ನಮ್ಮ ಸೆಟ್ಟೂ ಒಂದೇ ಚಾನೆಲ್, ಒಬ್ಬರು ಮಾತಾಡ್ತಿದ್ರೆ ಇನ್ನೊಬ್ಬರದು ಬಂದ್. ನಿಮ್ಮಮ್ಮ ಬಟನ್ ಒತ್ತಿ ಹಿಡಿದ್ರೆ ಬಿಡೋದೇ ಇಲ್ಲ. ಅವರು ರಾಣಿ ಹೇಗೆ ಹೋಯ್ತು ಅಂತ ಕಥೆ ಹೇಳೋವರೆಗೂ ಎರಡು ಟನ್ ಕಬ್ಬಿಣ ಗಾಳಿಯಲ್ಲಿ ತೂಗಾಡ್ತಾ ಇರುತ್ತೆ. ಮೇಲಿನ ಮಹಡಿಯಲ್ಲಿ ನಿಂತೋನು ಕ್ರೇನಿನವನಿಗೆ ಇಳಿಸು ಅಂತ ಹೇಳೋಕೂ ಚಾನೆಲ್ ಖಾಲಿ ಇರಲ್ಲ. ಅದರ ಮೇಲೆ ಯಾರೋ ಪಿಟೀಲು ಬೇರೆ ಕುಯ್ದರು."

"ಕುಯ್ದರು?" ಎಂದರು ಮೇಷ್ಟ್ರು.

ನೆಲದ ಮೇಲೆ ಕೂತು ಕಬ್ಬಿಣದ ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದ ಒಬ್ಬ ಮಧ್ಯವಯಸ್ಸಿನ ಮನುಷ್ಯ ಎದ್ದು ಬಂದ. "ಬೈಬೇಡಿ ಸಾರ್ ಅವರನ್ನ. ಅಮ್ಮ ತಲುಪಿದ್ದಾರೆ. ಇಲ್ಲಿಂದಲೇ ಹೋಗಿದ್ದು ನೋಡಿದೆ" ಎಂದ. ಆ ಧ್ವನಿ ಕೇಳಿದ ತಕ್ಷಣ ನನಗೆ ಗೊತ್ತಾಯಿತು. ನಮ್ಮನೆಯವರಿಗೂ ಗೊತ್ತಾಯಿತು, ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಆತ ಕ್ರೇನು ಓಡಿಸುವವನು. ಅವತ್ತು ಕ್ರೇನಿನ ತಪಾಸಣೆಯಾದ್ದರಿಂದ ಕೆಳಗಿದ್ದ, ಸೆಟ್ಟು ಆರಿಸಿಟ್ಟಿದ್ದ.

"ಶುರುವಲ್ಲಿ ಚಾನೆಲ್ ಬಿಡಿ ಅಂತ ಹೇಳಿದೆ ಮೇಡಂ. ಅವರು 'ಆಯ್ತು ಕಣೋ' ಅಂದು ಮತ್ತೆ ಶುರು ಮಾಡಿದ್ರು. ನಮ್ಮಮ್ಮನೂ ಹೀಗೇ, ಬಟನ್ ಇದ್ದಿದ್ರೆ ಬಿಡ್ತಿರಲಿಲ್ಲ. ಸರಿ, ಮೇಲಿಂದ ರಸ್ತೆ ಕಾಣುತ್ತಲ್ಲ, ಎಲ್ಲಿ ಗುಂಡಿ, ಎಲ್ಲಿ ನೆರಳು ಅಂತ ಹೇಳ್ತಾ ಇದ್ದೆ. ಈ ಸಾಹೇಬರು ಕೇಳಿದ್ದಕ್ಕೂ ಉತ್ತರ ಕೊಟ್ಟೆ."

"ಅಷ್ಟು ದೂರ ನಮ್ಮ ಸೆಟ್ಟಿನ ಮಾತು ನಿಮಗೆ ಹೇಗೆ ಕೇಳ್ತು?" ಎಂದು ಕೇಳಿದೆ. ತಿಳಿಯದೆ ಹೋದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ಎತ್ತರ ಮೇಡಂ. ಅಲ್ಲಿ ಕೂತ್ರೆ ಅಡ್ಡ ಏನೂ ಇಲ್ಲ, ಈ ಕಡೆ ನಿಮ್ಮನೆ, ಆ ಕಡೆ ಅಮ್ಮ, ಇಬ್ಬರೂ ಕೇಳ್ತೀರಿ. ನಿಮಗೆ ಅವರು ಕೇಳಲ್ಲ, ಅವರಿಗೆ ನೀವು ಕೇಳಲ್ಲ. ಕೆಳಗಿಳಿದ್ರೆ ನಾನೂ ನಿಮ್ಮ ಹಾಗೇ."

ನಮ್ಮನೆಯವರು ಮರಳಿನ ಗುಡ್ಡೆಯಿಂದ ಎದ್ದು ದಾದಿಯಮ್ಮನ ಮನೆಯ ಕಡೆ ನಡೆದರು. ತುಟಿ ಅಲ್ಲಾಡುತ್ತಿತ್ತು. ಮಂತ್ರವೇನೋ ಎಂದುಕೊಂಡೆ, ಹೆಜ್ಜೆ ಎಣಿಸುತ್ತಿದ್ದರು. ಆ ಮನೆಯ ಬಾಗಿಲು ತಲುಪಿದಾಗ ನಿಂತು, "ಏಳುನೂರ ನಲವತ್ತು ಮೀಟರ್. ಹದಿನಾರು ಸಾವಿರಕ್ಕೆ ಏಳುನೂರ ನಲವತ್ತು" ಎಂದರು. ಕುಟುಂಬದಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದರು.

ಒಳಗೆ ಅತ್ತೆಯೂ ದಾದಿಯಮ್ಮನೂ ಚದುರಂಗದ ಮಣೆಯ ಮೇಲೆ ಬಗ್ಗಿದ್ದರು. ಮೂಲೆಯ ಕುರ್ಚಿಯಲ್ಲಿ ದಾದಿಯಮ್ಮನ ತಮ್ಮ ಕೂತು ಪತ್ರಿಕೆ ಓದುತ್ತಿದ್ದ. ನಮ್ಮಿಬ್ಬರ ಜೋಡಿಯಾಗದ ಚಪ್ಪಲಿಗಳನ್ನು ನೋಡಿ ಒಮ್ಮೆ ತಲೆಯಾಡಿಸಿದ.

"ಅಮ್ಮ, ಸಾಕು ಇನ್ನು. ಏಳು, ಮನೆಗೆ ಹೋಗೋಣ. ನಾಳೆಯಿಂದ ಇದೆಲ್ಲ ಇಲ್ಲ" ಎಂದರು ನಮ್ಮನೆಯವರು.

ಅತ್ತೆಯ ಕೈ ಕಾಲಾಳಿನ ಮೇಲೆ ನಿಂತಿತು. ಮುಖದ ಗೆಲುವು ಇಳಿಯಿತು. "ಯಾಕೋ? ಏನಾಯ್ತು?"

ಮಗ ಎಲ್ಲವನ್ನೂ ಹೇಳಿದರು. ಅಂಗಡಿ, ಡಬ್ಬಿ, ಏಳುನೂರ ನಲವತ್ತು ಮೀಟರ್, ಕ್ರೇನು. ಒಂದನ್ನೂ ಮುಚ್ಚಿಡಲಿಲ್ಲ. ಅತ್ತೆ ಕಾಲಾಳನ್ನು ಬಿಟ್ಟು ಮಗನ ಕಡೆ ತಿರುಗಿದರು.

"ಅಂದ್ರೆ ನೆರಳಲ್ಲಿ ನಿಂತು ಬನ್ನಿ ಅಂದಿದ್ದು ನೀನಲ್ಲ."

"ಅಲ್ಲ."

"'ತಲುಪಿದ್ರು ಸಾರ್' ಅಂತ ದಿನಾ ಕೇಳ್ತಿತ್ತು. ನಿನ್ನ ಹೆಂಡತಿನ ಸಾರ್ ಅಂತ ಕರೀತೀಯ ಅಂದ್ಕೊಂಡಿದ್ದೆ." ದಾದಿಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅತ್ತೆ ನಗಲಿಲ್ಲ. "ಮತ್ತೆ ಮಾರ್ಕೆಟ್ ದಾಟಿದ ಮೇಲೆ ನೀನು ನನ್ನ ಜೊತೆ ಇರಲೇ ಇಲ್ಲ. ಒಂದು ದಿನವೂ."

"ಇರಲಿಲ್ಲಮ್ಮ." ನಮ್ಮನೆಯವರ ತಲೆ ತಗ್ಗಿತು. ಇಪ್ಪತ್ತೆರಡು ವರ್ಷದಲ್ಲಿ ಅವರು ಎಷ್ಟೋ ಅಂಗಡಿಯವರ ತಲೆ ತಗ್ಗಿಸಿದ್ದಾರೆ, ಅವರದು ತಗ್ಗಿದ್ದನ್ನು ನಾನು ಕಂಡದ್ದು ಆಗಲೇ.

"ಎಷ್ಟು ದಿನ ಆಯ್ತೋ?"

ಎಷ್ಟೇ ದುಃಖದಲ್ಲಿದ್ದರೂ ಅಂಕಿ ಕೇಳಿದರೆ ಅವರು ತಪ್ಪು ಹೇಳುವವರಲ್ಲ. "ಇವತ್ತಿಗೆ ನಲವತ್ತೊಂದು."

"ನಲವತ್ತೊಂದು ದಿನದಲ್ಲಿ ಬಿದ್ನಾ?"

"ಇಲ್ಲ."

"ದಾರಿ ತಪ್ಪಿದ್ನಾ? ತಡವಾಗಿ ಬಂದ್ನಾ?"

"ಇಲ್ಲ. ಆದ್ರೆ ಆ ಕ್ರೇನಿನವನು..."

"ಅವನು ಇವತ್ತು ಕೆಳಗಿದ್ದ ಅಂದ್ಯಲ್ಲ. ಇವತ್ತು ಬಂದೆನೋ ಇಲ್ವೋ?"

ಮೇಷ್ಟ್ರು ನನ್ನ ಕಿವಿಯಲ್ಲಿ "ಬಂದಿದ್ದಾರಲ್ಲ" ಎಂದರು, ನನಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ.

"ನಿಮ್ಮ ಆಫೀಸಲ್ಲಿ ಒಂದು ತಕ್ಕಡಿನ ಎಷ್ಟು ಸಲ ಪರೀಕ್ಷೆ ಮಾಡ್ತೀರೋ?" ಎಂದು ಅತ್ತೆ ಕೇಳಿದರು.

"ಮೂರು ಸಲ."

"ಮೂರೂ ಸಲ ಸರಿ ಬಂದ್ರೆ?"

"ಸರಿಯಿದೆ ಅಂತ ಬರೆದು ವಾಪಸ್ ಕೊಡ್ತೀವಿ."

"ನನ್ನನ್ನ ನಲವತ್ತೊಂದು ಸಲ ಮಾಡಿದ್ದೀಯ."

ಅತ್ತೆ ಮಗ್ಗುಲಲ್ಲಿದ್ದ ಸೆಟ್ಟನ್ನು ಎತ್ತಿ ಮಗನ ಕೈಗೆ ಕೊಟ್ಟು, ಮಣೆಯ ಕಡೆ ತಿರುಗಿದರು.

"ನೀವೆಲ್ಲ ಹೊರಡಿ, ಆಫೀಸಿಗೆ ಹೊತ್ತಾಗುತ್ತೆ. ನಾನು ಆಟ ಮುಗಿಸಿ ಬರ್ತೀನಿ."

ನಮ್ಮನೆಯವರು ಎರಡೂ ಕೈಯಲ್ಲಿ ಒಂದೊಂದು ಸೆಟ್ಟು ಹಿಡಿದುಕೊಂಡರು. ಆಮೇಲೆ "ಸರಿ ಅಮ್ಮ" ಎಂದರು. ನಾವು ಹೊರಟೆವು.